ಬೋರಮಾಳದ ಕೂನ

ಬೆಟಗೇರಿಯ ದಾವಲಬಿಯ ಮನೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದನ್ನು ಮಾಡಿದವನು ಅವಳ ಗಂಡ ಮಹಬೂಬಸಾಬ. ಟ್ರಂಕು ಮಾಡುವುದು ಅವನ ಕಸಬು. ಊರಿನ ಅರ್ಧದಷ್ಟು ಮದುವಣಗಿತ್ತಿಯರು ಅವನು ಬಡಿದ ಟ್ರಂಕಿನಲ್ಲೇ ಸೀರೆ ತುಂಬಿಕೊಂಡು ಗಂಡನ ಮನೆಗೆ ಹೋದವರು. ತನ್ನ ಮನೆಗೆಂದು ಮಾಡಿಕೊಂಡದ್ದು ಒಂದೇ ಒಂದು. ಅದನ್ನು ನಾಲ್ಕು ಆಳು ಸೇರಿದರೂ ಅಲುಗಾಡಿಸಲಾಗದಷ್ಟು ಭಾರ ಮಾಡಿಟ್ಟು, ಆಮೇಲೆ ಬಹಳ ದಿನ ಬದುಕಲಿಲ್ಲ. ದಾವಲಬಿಗೆ ಉಳಿದದ್ದು ಆ ಪೆಟ್ಟಿಗೆ, ಅಖ್ತರಿ ಎಂಬ ಮಗಳು, ಮತ್ತೆ ಬೇಡವೆಂದರೂ ಮೈಗೆ ಅಂಟಿಕೊಂಡ ಒಳ್ಳೆಯ ಹೆಸರು.

ಒಳ್ಳೆಯ ಹೆಸರು ಬಂದವರನ್ನು ಜನ ಸುಮ್ಮನೆ ಇರಗೊಡುವುದಿಲ್ಲ. ಮೊದಲು ಪಕ್ಕದ ಓಣಿಯ ನೇಕಾರರ ಹೆಣ್ಣುಮಗಳೊಬ್ಬಳು ಕಿವಿಯ ಬೆಂಡೋಲೆ ಬಿಚ್ಚಿ ಬಟ್ಟೆಯಲ್ಲಿ ಕಟ್ಟಿ ತಂದಳು. "ನಾಕು ದಿನ ನಿನ್ನ ಪೆಟ್ಟಿಗ್ಯಾಗ ಇರಲಿ ದಾವಲಮ್ಮ, ನಮ್ಮನಿಯಾಗ ಇಸ್ಪೀಟಿನ ಗಾಳಿ ಬೀಸಾಕತ್ತೈತಿ" ಎಂದಳು. ಆಮೇಲೆ ನಾಗಾವಿಯಿಂದ, ಬಿಂಕದಕಟ್ಟಿಯಿಂದ, ಅತ್ತ ಶಿರಹಟ್ಟಿಯಿಂದಲೂ ಗಂಟುಗಳು ಬಂದವು. ಗಂಡ ಕುಡಿಯುವವನಿದ್ದವರು, ಮೈದುನ ಜೂಜಾಡುವವನಿದ್ದವರು, ಮನೆಯಲ್ಲಿ ಯಾರೂ ಕೆಟ್ಟವರಲ್ಲದಿದ್ದರೂ ನಾದಿನಿಯ ಮದುವೆ ಹತ್ತಿರ ಬಂದವರು, ಎಲ್ಲರೂ ಬಂದರು. ದಾವಲಬಿ ಇದಕ್ಕೆ ಏನೂ ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಒಂದಿಷ್ಟು ಜೋಳ, ಒಂದಿಷ್ಟು ಮೆಣಸಿನಕಾಯಿ ಬಂದರೆ ಬೇಡ ಎನ್ನುತ್ತಲೂ ಇರಲಿಲ್ಲ.

ಕೊಡುವುದು ಸುಲಭ, ತಿರುಗಿ ಒಯ್ಯುವುದೇ ಕಷ್ಟದ ಕೆಲಸ. ತಾವೇ ಬಂದವರ ಮಾತು ಬೇರೆ. ಬೇರೆಯವರನ್ನು ಕಳಿಸಿದರೆ ನಂಬುವುದು ಹೇಗೆ? ಆ ಸೀಮೆಯಲ್ಲಿ ಗುರುತಿಗೆ ಕೂನ ಎನ್ನುತ್ತಾರೆ. ಹೊಲದಿಂದ ಆಳನ್ನು ಮನೆಗೆ ಕಳಿಸಿ ಏನಾದರೂ ತರಿಸಬೇಕಾದರೆ ಕೂನ ಹೇಳಿ ಕಳಿಸುವುದು ಹಿಂದಿನಿಂದ ಬಂದ ಪದ್ಧತಿ. "ಮುಂಜಾನೆ ಬೆಕ್ಕು ಹಾಲು ಚೆಲ್ಲಿತ್ತು ಅಂತ ಹೇಳು, ಕೊಡ್ತಾಳ" ಎಂದು ಹೇಳಿ ಕಳಿಸುತ್ತಾರೆ. ಮನೆಯವರಿಗಷ್ಟೇ ಗೊತ್ತಿರುವ ಮಾತು ಬಂತೆಂದರೆ ಕಳಿಸಿದವರು ಮನೆಯವರೇ ಎಂದು ಲೆಕ್ಕ. ದಾವಲಬಿಯೂ ಅದನ್ನೇ ಹಿಡಿದಳು. ಗಂಟಿಗೊಂದು ಕೂನ. ಇಡುವಾಗ ಅವಳ ಕಿವಿಯಲ್ಲಿ ಹೇಳಬೇಕು, ಒಯ್ಯುವಾಗ ಯಾರೇ ಬಂದರೂ ಅದನ್ನೇ ಹೇಳಬೇಕು. ಕಣ್ಣಿಗೆ ಪೊರೆ ಕವಿಯತೊಡಗಿದ ಮೇಲಂತೂ ಗಂಟಿನ ಒಡತಿಯೇ ಎದುರು ನಿಂತರೂ ಕೂನ ಇಲ್ಲದೆ ಬೀಗ ತೆಗೆಯುತ್ತಿರಲಿಲ್ಲ.

ಈ ಕೂನ ಆರಿಸುವಲ್ಲಿ ಮಾತ್ರ ಎಂಥೆಂಥ ಜಾಣೆಯರೂ ಎಡವುತ್ತಿದ್ದರು. ಹೆಚ್ಚಿನವರ ಬಾಯಿಗೆ ಮೊದಲು ಬರುವುದು ಹಿರಿಯ ಮಗನ ಹೆಸರು. "ಅದು ನಿಮ್ಮೂರ ನಾಯಿಗೂ ಗೊತ್ತೈತಿ, ಬ್ಯಾರೆ ಹೇಳು" ಎಂದು ದಾವಲಬಿ ಬೈಯುತ್ತಿದ್ದಳು. ಮನೆದೇವರ ಹೆಸರು ಬೇಡ, ಎತ್ತಿನ ಹೆಸರು ಬೇಡ, ತವರೂರು ಬೇಡ. ಹಾಗೆಂದು ಅತಿ ಜಾಣತನವೂ ನಡೆಯುತ್ತಿರಲಿಲ್ಲ. ಶಿರಹಟ್ಟಿಯ ಮೋತಿಬಿ ಎಂಬುವಳು ಯಾರಿಗೂ ತಿಳಿಯಬಾರದೆಂದು ಅರ್ಥವೇ ಇಲ್ಲದ ಒಂದು ಮಾತನ್ನು ತಾನೇ ಹುಟ್ಟಿಸಿ ಇಟ್ಟುಹೋದಳು. ವರ್ಷ ಬಿಟ್ಟು ಬಂದಾಗ ಅದು ಅವಳಿಗೇ ನೆನಪಿಲ್ಲ. ಮುಂಜಾನೆಯಿಂದ ಹೊಸ್ತಿಲ ಮುಂದೆ ಕೂತು ಬಾಯಿಗೆ ಬಂದ ಸದ್ದನ್ನೆಲ್ಲ ಮಾಡಿದಳು. ಒಳಗೆ ಕೂತ ದಾವಲಬಿಗೆ ಗೊತ್ತು, ಹೇಳುವ ಹಾಗಿಲ್ಲ. ಕಡೆಗೆ ಅಂಗಳದ ಕೋಳಿ ಅವಳ ಬುತ್ತಿಗೆ ಬಾಯಿ ಹಾಕಿದಾಗ, ಅದನ್ನು ಓಡಿಸುವ ಸಿಟ್ಟಿನಲ್ಲಿ ಆ ಮಾತು ತಾನಾಗಿ ಹೊರಗೆ ಬಿತ್ತು. ಬಹಳ ಕಷ್ಟದ ಕೂನ ಕಳ್ಳನಿಗಿಂತ ಮೊದಲು ಒಡತಿಯನ್ನೇ ಹೊರಗೆ ನಿಲ್ಲಿಸುತ್ತದೆ ಎಂದು ದಾವಲಬಿ ಆವತ್ತು ಕಲಿತಳು.

ಅಂದಿನಿಂದ ಅವಳು ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ ಹಾಕುತ್ತಿದ್ದಳು. ನಿಮ್ಮ ಮನೆಯವರಿಗೆ ಇದು ಹೊಳೆದೀತೇ? ನೀನು ಮರೆತೀಯಾ? ಬಾವಿಯ ಕಟ್ಟೆಯ ಮೇಲೆ ಮಾತಾಡುವಾಗ ಬಾಯಿ ತಪ್ಪಿ ಬಂದೀತೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬರುವ ತನಕ ಗಂಟು ಒಳಗೆ ಹೋಗುತ್ತಿರಲಿಲ್ಲ.

ಅವಳು ತನಗೆ ತಾನೇ ಹಾಕಿಕೊಂಡ ಕಟ್ಟು ಇನ್ನೂ ಒಂದಿತ್ತು. ಹಿಂದೆ ನಾಗಾವಿಯ ಒಬ್ಬ ಮುದುಕಿ ತನ್ನ ಅಳಿಯನನ್ನು ಕಳಿಸಿದ್ದಳು. ಅವನು ಸರಿಯಾದ ಕೂನವನ್ನೇ ಹೇಳಿದ. ಆದರೆ ಅವನ ಬಾಯಿ ನಾರುತ್ತಿತ್ತು, ದಾವಲಬಿಗೆ ನಂಬಿಕೆ ಬರಲಿಲ್ಲ, ಕೊಡದೆ ತಿರುಗಿ ಕಳಿಸಿದಳು. ಕುಡಿದಿದ್ದನೇನೋ ಖರೆ, ಕಳ್ಳನಾಗಿರಲಿಲ್ಲ. ಮೊಮ್ಮಗಳು ಮದುವೆಯ ದಿನ ಬರಿಗೊರಳಲ್ಲಿ ಅಕ್ಕಿಕಾಳು ಬೀಳಿಸಿಕೊಂಡಳು. ಬೀಗರು ಆಡಿಕೊಂಡ ಮಾತು ದಾವಲಬಿಯ ಕಿವಿಗೂ ಬಿತ್ತು, ಅವಳು ಎರಡು ದಿನ ಊಟ ಮಾಡಲಿಲ್ಲ. ಲಕ್ಷ್ಮೇಶ್ವರದ ದರ್ಗಾಕ್ಕೆ ಹೋಗಿ, ಇನ್ನು ಮೇಲೆ ಕೂನ ಬಂದರೆ ಗಂಟು ತಡೆಯುವುದಿಲ್ಲ, ನನ್ನ ಅನುಮಾನವನ್ನು ನಡುವೆ ತರುವುದಿಲ್ಲ ಎಂದು ಆಣೆ ಮಾಡಿ ಬಂದಳು.

ಎಪ್ಪತ್ತೆಂಟನೇ ಇಸವಿಯ ಶ್ರಾವಣದಲ್ಲಿ ಶಿರಹಟ್ಟಿ ಕಡೆಯ ಮಾಗಡಿಯಿಂದ ಕರಿಯವ್ವ ಬಂದಳು. ಅವಳ ಸೆರಗಿನ ಮರೆಯ ಗಂಟಿನಲ್ಲಿ ಇದ್ದದ್ದು ಬೋರಮಾಳ, ತಾಯಿ ಸಾಯುವಾಗ ಕೊರಳಿಗೆ ಹಾಕಿದ ಬಂಗಾರದ ಗುಂಡಿನ ಸರ. ಅವಳ ಗಂಡ ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ. ಅವನ ಚಟವೆಂದರೆ ನಾಟಕ. ಹಿಂದಿನ ವರ್ಷ ಮುಂಡರಗಿಯಲ್ಲಿ ಒಂದು ಕಂಪನಿಯ ಆಟವನ್ನು ಕಂತ್ರಾಟು ಹಿಡಿದು, ತಾನೇ ರಾಜನ ಪಾರ್ಟು ಮಾಡಿ, ಕರಿಯವ್ವನ ಕೈಯ ಬಂಗಾರದ ಪಾಟಲಿಗಳನ್ನು ಕಳೆದಿದ್ದ. ಈಗ ಮತ್ತೆ ಮೀಸೆ ಚೂಪು ಮಾಡುತ್ತಿದ್ದ.

"ಈ ಸರ ನಮ್ಮ ದೇವವ್ವನ ಕೊಳ್ಳಿಗೆ ಬೀಳಬೇಕ್ರಿ ದಾವಲಮ್ಮ" ಎಂದಳು ಕರಿಯವ್ವ. "ಮಗಳು ದೊಡ್ಡಾಕಿ ಆಗ್ಯಾಳ. ಇದೂ ಹೋತಂದ್ರ ನಾ ಆಕಿಗೆ ಕೊಡಾಕ ಏನೂ ಇಲ್ಲ."

"ಆತು, ಕೂನ ಹೇಳು."

ಕರಿಯವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಹತ್ತಿರ ಸರಿದು, ದಾವಲಬಿಯ ಕಿವಿಗೆ ಬಾಯಿ ಹಚ್ಚಿ ಒಂದು ಮಾತು ಹೇಳಿದಳು. ಹೇಳಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಯಂಕಪ್ಪ? ಯಾರವಾ?"

"ನಮ್ಮ ದೇವವ್ವನ ಅಪ್ಪ" ಎಂದಳು ಕರಿಯವ್ವ ಸೆರಗಿನೊಳಗಿಂದ.

ದಾವಲಬಿಗೆ ಕಿವಿ ಬೆಚ್ಚಗಾಯಿತು. ಗಂಡನ ಹೆಸರು ಹೇಳುವುದೆಂದರೇನು ಎಂದು ಅವಳಿಗೂ ಗೊತ್ತು. ಮಹಬೂಬಸಾಬನನ್ನು ಅವಳು ಬದುಕಿದ್ದಾಗಲೂ ಸತ್ತ ಮೇಲೂ ಅಖ್ತರಿಯ ಅಪ್ಪ ಎಂದೇ ಕರೆದವಳು. ಕರಿಯವ್ವನಂತೂ ಮದುವೆಯಲ್ಲಿ ಎಲ್ಲರೂ ಬಾಗಿಲು ತಡೆದು, ಒಡಪು ಕಟ್ಟಿ ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆಂದು ಕಾಡಿದಾಗ, ಹೇಳಲಾರದೆ ಹಿತ್ತಲಿನ ಗೋಡೆ ಹಾರಿ ಒಳಗೆ ಹೋದವಳು. ಇಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಆ ಹೆಸರು ಬಂದದ್ದು ಇದೇ ಮೊದಲು.

ದಾವಲಬಿ ಮೂರು ಪ್ರಶ್ನೆ ಹಾಕಿದಳು. ಗಂಡನಿಗೆ ಹೊಳೆದೀತೇ? ಅವನು ಊರೆಲ್ಲ ಯೋಚಿಸಿದರೂ ಇದೊಂದನ್ನು ಯೋಚಿಸಲಾರ. ಮರೆತೀಯಾ? ಅದೆಂಥ ಮಾತು. ಬಾಯಿ ತಪ್ಪಿ ಬಂದೀತೇ? ಸತ್ತರೂ ಇಲ್ಲ. ಮೂರೂ ಪಾಸು. ಇಷ್ಟು ದಿನ ಪೆಟ್ಟಿಗೆ ಕಾದಿದ್ದಕ್ಕೆ ಒಂದು ಗಟ್ಟಿ ಕೂನ ಸಿಕ್ಕಿತೆಂದು ದಾವಲಬಿಗೆ ಖುಷಿಯಾಗಿ, ಕರಿಯವ್ವನಿಗೆ ಚಹಾ ಕುಡಿಸಿ ಕಳಿಸಿದಳು. ಇಬ್ಬರಿಗೂ ಹೊಳೆಯದೆ ಹೋದ ಸಂಗತಿ ಒಂದಿತ್ತು. ಅದು ಹೊಳೆಯಬೇಕಾದರೆ ಅವರು ಗಂಡಸರಾಗಿ ಹುಟ್ಟಬೇಕಿತ್ತು.

ದೀಪಾವಳಿ ಕಳೆದು ಒಂದು ಮಧ್ಯಾಹ್ನ. ಅಖ್ತರಿ ಪಡಸಾಲೆಯಲ್ಲಿ ರಾಟೆ ಇಟ್ಟುಕೊಂಡು ನೇಕಾರರ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ದಾವಲಬಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಬೆರಳಿನಿಂದ ಕಲ್ಲು ಹುಡುಕುತ್ತಿದ್ದಳು. ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

"ಶರಣ್ರಿ ಅಮ್ಮಾರ. ನಾ ಯಂಕಪ್ಪ ಅಂತ್ರಿ, ಮಾಗಡಿಯಾಂವ."

ದಾವಲಬಿಯ ಕೈ ತಾನಾಗಿಯೇ ಸೊಂಟದ ಬೀಗದ ಕೈಗೆ ಹೋಯಿತು. ಆಗ ಹೊಳೆಯಿತು, ಇಬ್ಬರೂ ಮಾಡಿದ ಹುಚ್ಚು ಕೆಲಸ. ಹೆಂಡತಿ ಜನ್ಮದಲ್ಲಿ ಒಮ್ಮೆ ಹೇಳುವ ಹೆಸರನ್ನು ಗಂಡನಾದವನು ದಿನಕ್ಕೆ ನೂರು ಸಲ ಹೇಳುತ್ತಾನೆ. ಸಂತೆಯಲ್ಲಿ ಹೇಳುತ್ತಾನೆ, ಕಚೇರಿಯಲ್ಲಿ ಹೇಳುತ್ತಾನೆ, ಯಾರದಾದರೂ ಹೊಸ್ತಿಲಿಗೆ ಬಂದರೆ ಮೊದಲು ಅದನ್ನೇ ಹೇಳುತ್ತಾನೆ. ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಕಳ್ಳನ ಕೊರಳಿಗೇ ಕಟ್ಟಿದ ಹಾಗಾಗಿತ್ತು.

"ಕರಿಯವ್ವ ಕಳಿಸ್ಯಾಳ್ರಿ, ಬೋರಮಾಳ ಇಸಗೊಂಡು ಬಾ ಅಂತ" ಎಂದ ಯಂಕಪ್ಪ. ಅವಳು ಕಳಿಸಿರಲಿಲ್ಲ, ಯಾರದೋ ಬಾಯಿಂದ ಸುದ್ದಿ ತಿಳಿದು ತಾನಾಗಿ ಬಂದಿದ್ದನೆಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ನಾಟಕದವನಾದರೂ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಕೂನ ಬಂದಿದೆ, ದರ್ಗಾದ ಆಣೆ ಇದೆ. ಅತ್ತ ಕರಿಯವ್ವನ ಮಗಳ ಕೊರಳಿದೆ. ಏನು ಮಾಡುವುದೆಂದು ತಿಳಿಯದೆ ಅವಳು ಎಲ್ಲರಿಗೂ ಕೇಳುವುದನ್ನೇ ಕೇಳಿದಳು. "ಕೂನ ಏನ್ ಹೇಳ್ಯಾಳಪ್ಪ?"

ಯಂಕಪ್ಪ ಗಂಟಲು ಸರಿಪಡಿಸಿಕೊಂಡ. "ದೇವವ್ವ" ಎಂದ. ದಾವಲಬಿ ತಲೆ ಅಲ್ಲಾಡಿಸಿದಳು. "ಹಂಗಂದ್ರ ಫಕೀರಪ್ಪ, ನಮ್ಮ ಹುಡುಗ." ಅದೂ ಅಲ್ಲ. ಹೆಂಡತಿಯ ತವರೂರು ಹೇಳಿದ, ಮನೆದೇವರನ್ನು ಹೇಳಿದ, ಎತ್ತುಗಳ ಹೆಸರು ಎರಡೂ ಹೇಳಿದ. ಬೋರಮಾಳ ಕೊಟ್ಟ ಅತ್ತೆಯ ಹೆಸರು ಹೇಳುವಾಗ ತಾನೇ ಗೆದ್ದೆನೆಂದುಕೊಂಡು ಮೇಲೆದ್ದಿದ್ದ, ಮತ್ತೆ ಕುಳಿತ. ದಾವಲಬಿ ಒಂದೊಂದಕ್ಕೂ ಅಲ್ಲ ಎನ್ನುತ್ತ, ಒಳಗೊಳಗೆ ಎಲ್ಲ ಪೀರರನ್ನೂ ನೆನೆಯುತ್ತಿದ್ದಳು. ರಾಟೆ ನಿಂತಿತ್ತು. ಅಖ್ತರಿಯೂ ಕೇಳುತ್ತಿದ್ದಳು.

"ಮತ್ತ ಇನ್ನೇನಿರತೈತ್ರಿ ಆಕಿ ತಲಿಯಾಗ" ಎಂದ ಯಂಕಪ್ಪ ಬೇಸತ್ತು. "ನನ್ನ ಹೆಸರು ಯಂಕಪ್ಪ ಅಂತೂ ಇರಾಕ ಸಾಧ್ಯ ಇಲ್ಲ. ಅದನ್ನ ಆಕಿ ಜೀವ ಹೋದ್ರೂ ಅನ್ನಂಗಿಲ್ಲ. ಅದನ್ನ ಬಿಡ್ರಿ."

"ಬಿಟ್ಟೆ" ಎಂದಳು ದಾವಲಬಿ ಥಟ್ಟನೆ. "ನೀನ ಬಿಡು ಅಂದಿ, ನಾ ಬಿಟ್ಟೆ."

ಯಂಕಪ್ಪನಿಗೆ ಅದರ ಅರ್ಥ ಆಗಲಿಲ್ಲ. ಇನ್ನೆರಡು ಹೆಸರು ಹೇಳಿ, ಹೆಂಗಸರ ಬುದ್ಧಿಗಿಷ್ಟು ಬೈದು, ಚಪ್ಪಲಿ ಮೆಟ್ಟಿಕೊಂಡು ಹೋದ. ದಾವಲಬಿ ಮೊರ ಪಕ್ಕಕ್ಕಿಟ್ಟು ಗೋಡೆಗೆ ಒರಗಿದಳು. ಅವನೇ ಅದಲ್ಲ ಎಂದ ಮೇಲೆ ಆಣೆ ತಪ್ಪಿದ ಹಾಗಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಪೂರ್ತಿ ಒಪ್ಪಲಿಲ್ಲ. ಮರುದಿನವೇ ಸಂತೆಗೆ ಬಂದ ಮಾಗಡಿಯ ಒಬ್ಬಳ ಕೈಯಲ್ಲಿ ಖಬರ ಕಳಿಸಿದಳು: ಕೂನ ಕೆಟ್ಟೈತಿ, ಜಲ್ದಿ ಬಾ.

ಕರಿಯವ್ವ ಬಂದು ನಡೆದದ್ದನ್ನೆಲ್ಲ ಕೇಳಿದಳು. ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನಗು ನಿಂತು ನೀರು ಮಾತ್ರ ಉಳಿಯಿತು.

"ಅಷ್ಟು ಸಮೀಪ ಬಂದಿದ್ರೇನ್ರಿ" ಎಂದಳು. "ನಾ ಅದನ್ನ ಗಟ್ಟಿ ಅಂದ್ಕೊಂಡಿದ್ದೆ."

"ನಾನೂ ಅಂದ್ಕೊಂಡಿದ್ದೆ. ನಾವು ಅನ್ನಂಗಿಲ್ಲ ಅಂದ್ರ ಜಗತ್ತಿನಾಗ ಯಾರೂ ಅನ್ನಂಗಿಲ್ಲ ಅಂತ ತಿಳಕೊಂಡ್ವಿ. ಈಗ ಬ್ಯಾರೆ ಕೂನ ಬೇಕು. ಆಂವ ಮತ್ತ ಬರ್ತಾನ. ಆಂವನ ಬಾಯಾಗ ಎಂದೂ ಬರಲಾರದ್ದು ಹೇಳು."

ಕರಿಯವ್ವ ಯೋಚಿಸುತ್ತ ಕುಳಿತಳು. ಪಾಟಲಿ ಹೋದ ವರ್ಷವನ್ನು ನೆನೆದಳು. ಮುಂಡರಗಿಯ ಆಟ ಬಿದ್ದಾಗ ಅವನು ಗಾಳಿಯನ್ನು ಬೈದಿದ್ದ, ತಂಬುವನ್ನು ಬೈದಿದ್ದ, ಪಾರ್ಟು ಮರೆತ ಮಂತ್ರಿಯನ್ನು ಬೈದಿದ್ದ, ನಾಟಕ ತಿಳಿಯದ ಜನರನ್ನು ಬೈದಿದ್ದ. ಅವಳ ಬರಿಗೈ ನೋಡಿದಾಗಲೆಲ್ಲ ಮುಖ ತಿರುಗಿಸಿಕೊಂಡು ಹೊಲಕ್ಕೆ ಹೋಗಿದ್ದ. ಅವಳು ಪಾಟಲಿ ಬೇಕೆಂದು ಕೇಳಿರಲಿಲ್ಲ. ಒಂದು ಮಾತು ಬರುತ್ತದೆಂದು ಕಾದಿದ್ದಳು, ಅದು ಬರಲಿಲ್ಲ.

ಈ ಸಲ ಅವಳು ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ. ದಾವಲಬಿಯ ಕಿವಿಯಲ್ಲಿ ನೆಟ್ಟಗೆ ಹೇಳಿದಳು: "ನಂದು ತಪ್ಪಾತು."

ದಾವಲಬಿ ಪ್ರಶ್ನೆ ಹಾಕಿದಳು. "ಆಂವಗ ಹೊಳಿಯಂಗಿಲ್ಲ?"

"ಇಲ್ರಿ."

"ನೀ ಮರಿಯಂಗಿಲ್ಲ?"

"ದಿನಾ ಕಾಯಾಕತ್ತೇನಿ, ಹೆಂಗ ಮರೀಲಿ?"

ಮೂರನೆಯದನ್ನು ಬಿಟ್ಟು, ಈ ಸಲದ ಪಾಠ ಕಲಿಸಿದ ಹೊಸ ಪ್ರಶ್ನೆಯನ್ನು ದಾವಲಬಿ ಕೇಳಿದಳು. "ಇಲ್ಲಿಗೆ ಬಂದು, ಕೂನ ಅಂತ ಗೊತ್ತಿಲ್ದ, ತಾನಾಗೇ ಅಂದುಬಿಟ್ರ?"

"ಅಂದ್ರ ಕೊಟ್ಟುಬಿಡ್ರಿ" ಎಂದಳು ಕರಿಯವ್ವ.

ಯಂಕಪ್ಪ ಮತ್ತೆ ಬಂದ, ಒಮ್ಮೆ ಅಲ್ಲ, ಎರಡು ಮೂರು ಸಲ ಬಂದ. ಬಂದಾಗಲೆಲ್ಲ ಊಹೆಗಳ ಗಂಟನ್ನೇ ಹೊತ್ತು ತಂದ. ಹೆಂಡತಿಗೆ ಇಷ್ಟವಾದ ಪಲ್ಯದಿಂದ ಹಿಡಿದು ಅವಳ ಅಜ್ಜನ ಕುದುರೆಯ ತನಕ ಎಲ್ಲ ಹೇಳಿದ. ಸಿಟ್ಟು ಮಾಡಿದ, ರಾಜನ ಪಾರ್ಟಿನ ದನಿಯಲ್ಲಿ ಹೆದರಿಸಿದ, ದಾವಲಬಿಗೆ ಅಮ್ಮಾ ತಾಯಿ ಎಂದ. ಆ ಒಂದು ಮಾತಿನ ಸಮೀಪಕ್ಕೂ ಬರಲಿಲ್ಲ. ಕ್ರಮೇಣ ಕಂಪನಿಗಳು ಬೇರೆ ಕಂತ್ರಾಟುದಾರರನ್ನು ಹುಡುಕಿಕೊಂಡವು, ಅವನ ಮೀಸೆಯೂ ಇಳಿಯಿತು. ಅವನು ಬರುವುದನ್ನು ನಿಲ್ಲಿಸಿದ.

ಎಂಬತ್ತೆರಡರ ಬೇಸಿಗೆಯಲ್ಲಿ ದೇವವ್ವನ ಮದುವೆ ಗೊತ್ತಾಯಿತು. ದಾವಲಬಿಗೆ ಆ ಹೊತ್ತಿಗೆ ಬೆಳಕು ಕತ್ತಲೆಯ ಹೊರತು ಏನೂ ಕಾಣುತ್ತಿರಲಿಲ್ಲ. ಗಂಟುಗಳನ್ನು ಬಟ್ಟೆಯ ಮೈ ಸವರಿ ಗುರುತು ಹಿಡಿಯುತ್ತಿದ್ದಳು, ಕೂನಗಳನ್ನು ಮಾತ್ರ ಒಂದೂ ಮರೆತಿರಲಿಲ್ಲ. ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ಯಾರೋ ಬಂದು ನಿಂತರು. ಚಪ್ಪಲಿ ಬಿಟ್ಟ ಸದ್ದಾಯಿತು.

"ಯಾರದು?"

"ನಾನ್ರಿ, ಯಂಕಪ್ಪ."

"ಆ ಕೂನ ಹಳೇದಾತಪ್ಪ" ಎಂದಳು ದಾವಲಬಿ. ಬೇಕೆಂದು ಹೇಳಿದ್ದಲ್ಲ, ಬಾಯಿ ತಪ್ಪಿ ಬಂದಿತ್ತು. ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ಹೆಂಗಸು ತಾನೇ ಜಾರಿದ್ದಳು.

ಯಂಕಪ್ಪನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಕಂಬ ಹಿಡಿದುಕೊಂಡು ಕುಳಿತ. "ಆಕಿ ನನ್ನ ಹೆಸರು ಅಂದಿದ್ಲೇನ್ರಿ?"

"ಅಂದಿದ್ಲು, ಒಮ್ಮೆ. ನನ್ನ ಕಿವಿಯಾಗ."

"ನನ್ನ ಮುಂದ ಎಂದೂ ಅಂದಿಲ್ರಿ" ಎಂದ. ಬಹಳ ಹೊತ್ತು ನೆಲ ಕೆರೆಯುತ್ತ ಕುಳಿತ. ಅವನನ್ನು ಈ ಸಲ ಕರಿಯವ್ವನೇ ಕಳಿಸಿದ್ದಳು. ಮನೆಯಲ್ಲಿ ಅರಿಶಿನ ಕುಟ್ಟುತ್ತಿದ್ದಾರೆ, ನಾನು ಹೊರಬೀಳುವ ಹಾಗಿಲ್ಲ, ನೀವೇ ಹೋಗಿ ತರ್ರಿ ಎಂದು ಹೇಳಿ, ಕೂನವನ್ನೂ ಹೇಳಿ ಕಳಿಸಿದ್ದಳು. ಬಸ್ಸಿನುದ್ದಕ್ಕೂ ಅವನು ಅದನ್ನು ನುಂಗುತ್ತ ಬಂದಿದ್ದ.

"ಕೂನ ಹೇಳಪ್ಪ" ಎಂದಳು ದಾವಲಬಿ ಮೆಲ್ಲಗೆ.

ಗೊತ್ತಿಲ್ಲದೆ ಇದ್ದಾಗ ನೂರು ಮಾತು ಹೇಳಿದವನಿಗೆ ಈಗ ಗೊತ್ತಿದ್ದ ಒಂದು ಮಾತು ಹೊರಡಲಿಲ್ಲ. ಕೆಮ್ಮಿದ. ನೀರು ಕೇಳಿದ, ಅಖ್ತರಿ ತಂದುಕೊಟ್ಟಳು. ಕುಡಿದು ಚೊಂಬು ಕೆಳಗಿಟ್ಟು, ಯಾರಿಗೂ ಕೇಳಿಸದ ಹಾಗೆ ಏನೋ ಅಂದ.

"ಕಣ್ಣು ಹೋಗ್ಯಾವು, ಕಿವಿನೂ ಅಷ್ಟಕ್ಕಷ್ಟ ಆಗ್ಯಾವು. ಸ್ವಲ್ಪ ಜೋರ ಅನ್ನು."

"ನಂದು ತಪ್ಪಾತು" ಎಂದ ಯಂಕಪ್ಪ.

ದಾವಲಬಿ ಎದ್ದು ಗೋಡೆ ಹಿಡಿದು ಒಳಗೆ ಹೋದಳು. ಬೀಗ ತೆಗೆದು, ಕೈಯಾಡಿಸಿ, ಕರಿಯವ್ವನ ಇಳಕಲ್ಲ ಸೀರೆಯ ತುಂಡಿನ ಗಂಟನ್ನು ಹುಡುಕಿ ತೆಗೆದು, ಪೆಟ್ಟಿಗೆಗೆ ಮತ್ತೆ ಬೀಗ ಹಾಕಿಕೊಂಡು ಬಂದು ಅವನ ಕೈಗೆ ಇಟ್ಟಳು. ತಾನು ಕೊಡಬೇಕಾದ್ದು ಕೊಟ್ಟಾಯಿತು, ಅವನು ಹೇಳಬೇಕಾದ್ದು ಹೇಳಿಯಾಯಿತು. ಆದರೂ ಅವನು ಏಳಲಿಲ್ಲ. ಗಂಟು ಬಿಚ್ಚಿ ನೋಡುವ ಸದ್ದೂ ಬರಲಿಲ್ಲ.

"ನಂದು ತಪ್ಪಾತ್ರಿ ಅಮ್ಮಾರ" ಎಂದ ಇನ್ನೊಮ್ಮೆ. ಈ ಸಲ ಯಾರೂ ಹೇಳು ಅಂದಿರಲಿಲ್ಲ.

"ಅದನ್ನ ನನಗ್ಯಾಕ ಹೇಳ್ತಿ?" ಎಂದಳು ದಾವಲಬಿ. "ಮಾಗಡಿ ಬಸ್ಸು ಹೋಗೋ ಹೊತ್ತಾತು. ಎದ್ದು ಮನಿಗೆ ಹೋಗು, ಅಲ್ಲಿ ಹೇಳು."